ಈಕೋಗೆ ಎತ್ತುವ ಟಾಪ್: ಖರ್ಚು, ಕಿರಿಕಿರಿ, ಫಲ

ಒಳಗೆ ಹಾಸಿಗೆ ಹಾಕಿ ಮಲಗೋಕೆ ಅಂತ ನನ್ನ ಮಾರುತಿ ಈಕೋ ವ್ಯಾನಿನ ಟಾಪ್ ಕುಯ್ದು, ಮೇಲೆತ್ತುವ ಮುಚ್ಚಳ ಕೂರಿಸಿದೆ. ಈಕೋ ಟಾಪ್ ಕುಯ್ದರೆ ಸೋರೋದು ಗ್ಯಾರಂಟಿ ಅಂತ ತುಮಕೂರಿನಲ್ಲಿ ಕೇಳಿದ ಟಿಂಕರಿಂಗ್‌ನವರೆಲ್ಲ ಹೇಳಿದ್ದರು. ಮಳೆಗಾಲವಿಡೀ ಗಾಡಿ ಬಯಲಲ್ಲೇ ನಿಂತಿತ್ತು. ಒಳಗಿನ ಹಾಸಿಗೆಗೆ ಒಂದು ಹನಿ ಬಿದ್ದಿಲ್ಲ.

ಈಕೋಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರೋದು. ಅದಕ್ಕೇ ಕುಯ್ಯುವ ಮುಂಚೆಯೇ ಒಳಗೆ ಸುತ್ತಲೂ 1 ಇಂಚಿನ ಚೌಕ ಪೈಪ್ ವೆಲ್ಡ್ ಮಾಡಿಸಿದೆ. ಕುಯ್ದ ಮೇಲೆ ಸ್ಲೈಡಿಂಗ್ ಬಾಗಿಲು ಬಿಗಿಯಾದರೆ ಬಾಡಿ ತಿರುಚಿದೆ ಅಂತಲೇ ತಿಳಿಯಿರಿ. ಗಾಡಿಯ ರೂಪ ಬದಲಿಸುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಟ್ಟುನಿಟ್ಟು, ಕಟರ್ ಹಿಡಿಯುವ ಮುಂಚೆ ಆರ್‌ಟಿಓಗೆ ಹೋಗಿ ಬನ್ನಿ. ಆ ಕಾಗದಪತ್ರದ ಕಥೆ ಇಲ್ಲಿ ಬೇಡ.

ಮೊದಲ ಮುಚ್ಚಳ ತಗಡಿನದು. ಭಾರವೂ ಜಾಸ್ತಿ, ಮಧ್ಯಾಹ್ನ ಒಳಗೆ ಕೂರೋಕೂ ಆಗ್ತಿರಲಿಲ್ಲ. 12 ಸಾವಿರದ ಹತ್ತಿರ ಮಣ್ಣುಪಾಲು. ಆಮೇಲೆ ಫೈಬರ್‌ನಲ್ಲಿ ಮಾಡಿಸಿದೆ, ತೂಕ 30 ಕೆಜಿ ಆಸುಪಾಸು, ಖರ್ಚು ಸುಮಾರು 35 ಸಾವಿರ.

ಎತ್ತೋಕೆ ಗುಜರಿಯಿಂದ ಕಾರಿನ ಡಿಕ್ಕಿ ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಶಾಕ್ ತಂದೆ. ಪಾವಗಡದ ಬಿಸಿಲಲ್ಲಿ ಕೊಂಡಿ ಬಿಚ್ಚಿದ ತಕ್ಷಣ ಮುಚ್ಚಳ ಚಿಮ್ಮಿತು. ಡಿಸೆಂಬರ್‌ನಲ್ಲಿ ದೇವರಾಯನದುರ್ಗದ ಮೇಲೆ ಬೆಳಗಿನ ಜಾವ ಅದಕ್ಕೇ ಭುಜ ಕೊಡಬೇಕಾಯ್ತು. ಶಾಕ್ ಒಳಗಿರೋದು ನೈಟ್ರೋಜನ್, ಚಳಿಗೆ ಒತ್ತಡ ಇಳಿಯುತ್ತೆ. ಚಳಿ ಲೆಕ್ಕದಲ್ಲಿ ಹೊಸದು ಹಾಕಿಸಿ, ಬಿಸಿಲಿಗೆ ಗಟ್ಟಿ ಕೊಂಡಿ ಇಟ್ಟೆ.

ಎತ್ತಿದ ಮುಚ್ಚಳದ ಸುತ್ತ ಟಾರ್ಪಾಲ್ ಹೊಲಿಸಿದ ಮೊದಲ ರಾತ್ರಿಯೇ ಒಳಗೆಲ್ಲ ನೀರು. ಸೋರಿತು ನೋಡು ಅಂತ ಕಂಡವರು ನಕ್ಕರು. ಮಳೆಯೇ ಬಂದಿರಲಿಲ್ಲ, ಅದು ನಮ್ಮ ಉಸಿರಿನ ತೇವ! ಕ್ಯಾನ್ವಾಸ್ ಹಾಕಿ, ಎರಡು ಕಡೆ ಸೊಳ್ಳೆ ಬಲೆಯ ಕಿಟಕಿ ಬಿಟ್ಟ ಮೇಲೆ ನಿಂತಿತು. ಮೂಲೆಗಳಲ್ಲಿ ನೀರು ತಡೆಯುವ ರಬ್ಬರ್ ಬೀಡಿಂಗ್ ಹೇಗೆ ತಿರುಗಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರಾನೇ ಇರಲಿ.

ಆಫ್‌ರೋಡ್ ಸಾಮಾನಿನಲ್ಲಿ ಅರ್ಧ ಸುಮ್ನೆ ಶೋಕಿ. ಗಾಡಿಯನ್ನು 2 ಇಂಚು ಎತ್ತರಿಸಿದ್ದಕ್ಕೆ, ಹಿಂದಿನ ಚಕ್ರಕ್ಕೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದುರಿತು, ತಿರುವಿನಲ್ಲಿ ಗಾಡಿ ಓಲಾಡಿತು. ಮೊದಲೇ ತಲೆಭಾರದ ಗಾಡಿ, ಅಲ್ವಾ? ಬಿಚ್ಚಿಸಿ ಅರ್ಧ ಬೆಲೆಗೆ ಮಾರಿದೆ. ಇಂಜಿನ್‌ಗೆ ಪೆಟ್ಟಾಗದಂತೆ ಕೆಳಗೆ ಹಾಕಿಸಿದ 3 ಮಿ.ಮೀ. ತಗಡು ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ.

ಜಯಮಂಗಲಿ ಹೊಳೆಯ ಮರಳಲ್ಲಿ ಇನ್ನೊಂದು ನೋಡಿದೆ. ಗಾಡಿಗೆ ಹಿಂದಿನ ಚಕ್ರದ ಎಳೆತ. ನೀರಿನ ಕ್ಯಾನ್‌ಗಳನ್ನು ಹಿಂದಿನ ಆಕ್ಸೆಲ್ ಮೇಲೆ ಸರಿಸಿ, ಟಯರ್ ಗಾಳಿ 20 ಪಿಎಸ್‌ಐಗೆ ಇಳಿಸಿದೆ. ಹೂತಿದ್ದ ಗಾಡಿ ತಾನೇ ಮೇಲೆ ಬಂತು. ದುಬಾರಿ ಟಯರ್ ಕೇಳುವವರು ಮೊದಲು ಒಂದು 12 ವೋಲ್ಟ್ ಗಾಳಿ ಪಂಪ್ ಕೊಳ್ಳಿ. ಡಾಂಬರಿಗೆ ಹತ್ತುವ ಮುಂಚೆ ಗಾಳಿ ತುಂಬಲೇಬೇಕು.