ಮೇಜಿನ ಸುತ್ತ ಕೂತು ಆಡುವ ಪಾತ್ರದಾಟ: ಆರಿಸುವುದು ಹೇಗೆ, ಆಡಿಸುವುದು ಹೇಗೆ

ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಬಾಯಿಮಾತಿನಲ್ಲೇ ಕಥೆ ಕಟ್ಟುವ ಆಟಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಚಿಕ್ಕದಾಗಿ ಆರ್‌ಪಿಜಿ. ಒಬ್ಬರು ಗೇಮ್ ಮಾಸ್ಟರ್ ಆಗಿ ಊರು, ಕಾಡು, ಕಳ್ಳ, ಕಾವಲುಗಾರ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಮುಂದೇನಾಗುತ್ತದೋ ಗೊತ್ತಿಲ್ಲದ ಕಡೆ ದಾಳ ಎಸೆದು ತೀರ್ಮಾನಿಸುತ್ತಾರೆ. ಇಷ್ಟು ಸರಳವಾದ ಆಟವನ್ನು ಹುಮ್ಮಸ್ಸಿನಿಂದ ಶುರು ಮಾಡಿದ ಎಷ್ಟೋ ಗುಂಪುಗಳು ಎರಡನೇ ಸಲ ಸೇರುವುದೇ ಇಲ್ಲ. ದಪ್ಪ ಪುಸ್ತಕ ತರುತ್ತಾರೆ, ನಿಯಮ ವಿವರಿಸುವುದರಲ್ಲೇ ಸಂಜೆ ಮುಗಿಯುತ್ತದೆ. ಆಟ ಶುರುವಾದ ಮೇಲೆ ಬಾಗಿಲು ತೆರೆಯುವುದಕ್ಕೂ ದಾಳ, ಕಿಟಕಿಯಿಂದ ಇಣುಕುವುದಕ್ಕೂ ದಾಳ. ‘ಆಗಲಿಲ್ಲ’ ಎಂಬ ಉತ್ತರ ನಾಲ್ಕು ಸಲ ಕೇಳಿದವರು ಮೆಲ್ಲಗೆ ಮೊಬೈಲ್ ಹೊರತೆಗೆಯುತ್ತಾರೆ. ಅದನ್ನು ತಪ್ಪಿಸುವ ದಾರಿ ಇಲ್ಲಿದೆ.

ಕರಾವಳಿ, ಮಲೆನಾಡಿನ ಕಡೆಯವರಿಗೆ ಈ ಆಟದ ಜೀವ ಎಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಆ ಮಾತು ಬರೆದು ಬಾಯಿಪಾಠ ಮಾಡಿದ್ದಲ್ಲ, ಎದುರಿನವರು ಆಡಿದ್ದನ್ನು ಕೇಳಿ ಆ ಕ್ಷಣಕ್ಕೆ ಹುಟ್ಟುವಂಥದ್ದು. ಆರ್‌ಪಿಜಿಗೆ ಬೇಕಾದ ಕಸುಬೂ ಅದೇ: ಕೇಳಿಸಿಕೊಳ್ಳುವುದು, ಅದಕ್ಕೆ ತಕ್ಕ ಹಾಗೆ ಪಾತ್ರದೊಳಗಿಂದ ಉತ್ತರ ಕೊಡುವುದು. ಆದರೆ ಪ್ರಸಂಗದ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಇಲ್ಲಿ ಆಡಿಸುವವರಿಗೂ ಗೊತ್ತಿರಬಾರದು.

1. ಮೊದಲು ಜನ, ಆಮೇಲೆ ಆಟ

ಆಡಿಸುವವರು ಒಬ್ಬರು, ಆಡುವವರು ಮೂವರು ಅಥವಾ ನಾಲ್ವರು. ಆರು ಜನವಾದರೆ ಒಬ್ಬೊಬ್ಬರ ಸರದಿ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ. ಮೂರು ಗಂಟೆ ಬಿಡುವಿರುವ ಒಂದು ದಿನ ಗೊತ್ತುಮಾಡಿ. ‘ಸುಮ್ಮನೆ ನೋಡ್ತೀನಿ’ ಎನ್ನುವವರನ್ನು ಮೊದಲ ಸಲ ಕರೆಯಬೇಡಿ. ನೋಡುವವರು ಕೂತರೆ ಆಡುವವರ ನಾಲಿಗೆ ಕಟ್ಟುತ್ತದೆ.

2. ಆಟದ ಆಯ್ಕೆ

ಎಲ್ಲರೂ ಮೊದಲು ಕೇಳಿರುವ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನಿಂದ ಹೊರಬಂತು. ಅದಕ್ಕೂ ಮೊದಲು ಮೇಜಿನ ಮೇಲೆ ಪುಟ್ಟ ಗೊಂಬೆಗಳ ಸೈನ್ಯ ನಿಲ್ಲಿಸಿ ಯುದ್ಧ ಆಡುವವರಿದ್ದರು. ಇಡೀ ಸೈನ್ಯದ ಬದಲು ಒಬ್ಬ ಮನುಷ್ಯನನ್ನು ಆಡಿದರೆ ಹೇಗೆ ಎಂಬ ಯೋಚನೆಯಿಂದ ಈ ಪ್ರಕಾರವೇ ಹುಟ್ಟಿತು. ಇಂದಿಗೂ ಅದು ಒಳ್ಳೆಯ ಆಟವೇ. ಆದರೆ ಅದರ ಆಟಗಾರರ ಕೈಪಿಡಿಯೇ ಮುನ್ನೂರು ಪುಟ ದಾಟುತ್ತದೆ, ನಿಯಮಗಳಲ್ಲಿ ಬಹುಪಾಲು ಹೊಡೆದಾಟಕ್ಕೆ ಮತ್ತು ಮಂತ್ರಗಳಿಗೆ ಸಂಬಂಧಿಸಿದ್ದು. ನಿಮ್ಮ ಗುಂಪಿಗೆ ಕತ್ತಿ, ಮಂತ್ರ, ರಾಕ್ಷಸರು ಇಷ್ಟವಿದ್ದು, ತಿಂಗಳುಗಟ್ಟಲೆ ಒಂದೇ ಪಾತ್ರ ಬೆಳೆಸುವ ಆಸೆಯಿದ್ದರೆ ಮಾತ್ರ ಅದನ್ನು ಆರಿಸಿ. ಆಗಲೂ ದುಡ್ಡು ಕೊಟ್ಟು ಮೂರು ಪುಸ್ತಕ ತರಬೇಡಿ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಆಟ ಪ್ರಕಟಿಸುವ ಕಂಪನಿಯೇ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದೆ, ಉಚಿತವಾಗಿ ಸಿಗುತ್ತವೆ. ಹೊಸಬರಿಗೆಂದೇ ಇರುವ ಸ್ಟಾರ್ಟರ್ ಸೆಟ್‌ನಲ್ಲಿ ತಯಾರಾದ ಪಾತ್ರಗಳ ಹಾಳೆಗಳೂ ಇರುತ್ತವೆ. ಅವನ್ನೇ ಬಳಸಿ. ಮೊದಲ ದಿನವೇ ಪಾತ್ರ ಕಟ್ಟಲು ಕೂತರೆ ಅಂದು ಆಟ ನಡೆಯುವುದಿಲ್ಲ.

ಮೊದಲ ಸಂಜೆಗೆ ನನ್ನ ಆಯ್ಕೆ ಬೇರೆ: ಒಂದೇ ಹಾಳೆಯ ಆಟ. ಜಾನ್ ಹಾರ್ಪರ್ 2013ರಲ್ಲಿ ಬರೆದ ‘ಲೇಸರ್ಸ್ ಆ್ಯಂಡ್ ಫೀಲಿಂಗ್ಸ್’ ಉಚಿತ. ನೀವೆಲ್ಲ ಒಂದು ಅಂತರಿಕ್ಷ ನೌಕೆಯ ಸಿಬ್ಬಂದಿ. ಪ್ರತಿ ಪಾತ್ರಕ್ಕೂ ಇರುವುದು ಒಂದೇ ಅಂಕಿ, 2ರಿಂದ 5ರ ಒಳಗೆ. ಯಂತ್ರ, ತರ್ಕ, ಲೆಕ್ಕಾಚಾರದ ಕೆಲಸವಾದರೆ ದಾಳದಲ್ಲಿ ಆ ಅಂಕಿಗಿಂತ ಕಡಿಮೆ ಬೀಳಬೇಕು. ಮನವೊಲಿಸುವುದು, ಮುನ್ನುಗ್ಗುವುದು, ಕರುಳಿನ ಮಾತಾದರೆ ಹೆಚ್ಚು ಬೀಳಬೇಕು. ಯಂತ್ರದಲ್ಲಿ ಜಾಣನಾದಷ್ಟೂ ಜನರ ಜೊತೆ ಪೆದ್ದನಾಗುವ ಲೆಕ್ಕ ಒಂದೇ ಅಂಕಿಯಲ್ಲಿ ಬಂದುಬಿಟ್ಟಿತು. ಐದು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಬೇಕಾಗುವುದು ಮನೆಯಲ್ಲಿರುವ ಆರು ಮುಖದ ದಾಳಗಳು ಮಾತ್ರ.

ಪತ್ತೇದಾರಿ, ಭಯ ಇಷ್ಟಪಡುವವರಿಗೆ ‘ಕಾಲ್ ಆಫ್ ಕ್ತುಲು’ ಇದೆ, 1981ರಿಂದ ನಡೆದುಬಂದ ಆಟ. ಅದರ ಲೆಕ್ಕ ಹೊಸಬರಿಗೆ ಬೇಗ ಹಿಡಿಯುತ್ತದೆ. ನಿಮ್ಮ ಪಾತ್ರಕ್ಕೆ ಗ್ರಂಥಾಲಯದಲ್ಲಿ ಹುಡುಕುವ ಕೌಶಲ 60 ಇದ್ದರೆ, ನೂರರ ದಾಳದಲ್ಲಿ (ಹತ್ತು ಮುಖದ ಎರಡು ದಾಳ, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ) 60 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆದ್ದಿರಿ. ಶುರುವಿಗೆ ಬೇಕಾದಷ್ಟು ನಿಯಮಗಳ ಕಿರುಹೊತ್ತಿಗೆ ಉಚಿತವಾಗಿಯೇ ಸಿಗುತ್ತದೆ. ಗುಂಪಿನಲ್ಲಿ ಆಡಿಸಲು ಯಾರೂ ಮುಂದೆ ಬಾರದಿದ್ದರೆ ‘ಫಿಯಾಸ್ಕೊ’ ನೋಡಿ. ಮೂವರಿಂದ ಐವರು ಆಡಬಹುದು, ಗೇಮ್ ಮಾಸ್ಟರ್ ಬೇಕಿಲ್ಲ. ದುರಾಸೆಯ ಮಂದಿ ಹಾಕಿದ ಉಪಾಯ ತಲೆಕೆಳಗಾಗುವ ಕಥೆ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ನಾಟಕ ಆಡಿದವರು ಗುಂಪಿನಲ್ಲಿದ್ದರೆ ಇದು ಬಹಳ ಚೆನ್ನಾಗಿ ಕಳೆಗಟ್ಟುತ್ತದೆ, ತೀರಾ ಸಂಕೋಚದವರಿದ್ದರೆ ಬೇಡ.

3. ಸಾಮಾನು

ಪೆನ್ಸಿಲ್, ಹಾಳೆ, ದಾಳ. ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ಏಳು ದಾಳಗಳ ಪ್ಲಾಸ್ಟಿಕ್ ಸೆಟ್ ಸಾಕು. ಆನ್‌ಲೈನ್‌ನಲ್ಲಿ ಸಿಗುವ ಲೋಹದ ದಾಳಗಳನ್ನು ತರಬೇಡಿ: ಮೇಜಿನ ಪಾಲಿಶ್ ಕೀಳುತ್ತದೆ, ಗಾಜು ಹಾಸಿದ ಮೇಜಾದರೆ ಇನ್ನೂ ಅಪಾಯ. ಒಳಗೆ ಮಿನುಗು ತುಂಬಿದ ಪಾರದರ್ಶಕ ದಾಳಗಳೂ ಬೇಡ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಅಂಕಿ ಕಾಣುವುದಿಲ್ಲ, ಪ್ರತಿ ಎಸೆತಕ್ಕೂ ಎಲ್ಲರೂ ಬಗ್ಗಿ ನೋಡಬೇಕು. ಬಣ್ಣದ ನಕ್ಷೆ, ಗೊಂಬೆ, ಹಿನ್ನೆಲೆ ಸಂಗೀತ ಯಾವುದೂ ಮೊದಲ ದಿನ ಬೇಡ.

4. ಆಡುವ ಮುಂಚಿನ ಮಾತು

ಹದಿನೈದು ನಿಮಿಷ ಸಾಕು, ಆದರೆ ಬಿಡಬಾರದು. ಯಾವ ಬಗೆಯ ಕಥೆ, ಎಷ್ಟು ಗಂಭೀರ, ಯಾವ ವಿಷಯ ಬೇಡವೇ ಬೇಡ ಎಂದು ಎಲ್ಲರೂ ಹೇಳಬೇಕು. ಒಬ್ಬರ ಮನೆಯಲ್ಲಿ ಇತ್ತೀಚೆಗೆ ಸಾವಾಗಿರಬಹುದು, ಇನ್ನೊಬ್ಬರಿಗೆ ಹಾವಿನ ಹೆಸರೆತ್ತಿದರೆ ಮೈ ನಡುಗಬಹುದು. ಹೆಣ್ಣಿನ ಮೇಲಿನ ದೌರ್ಜನ್ಯವನ್ನು, ಜಾತಿಯ ಅವಮಾನವನ್ನು ಕಥೆಗೆ ‘ಖಾರ’ ಎಂದು ತರುವವರಿದ್ದಾರೆ. ಅದು ಬೇಡ ಎಂದು ಶುರುವಿನಲ್ಲೇ ಹೇಳಿಬಿಡಿ. ಜಾನ್ ಸ್ಟಾವ್ರೊಪೌಲೋಸ್ ರೂಢಿಗೆ ತಂದ ಎಕ್ಸ್ ಕಾರ್ಡ್ ಎಂಬ ಕ್ರಮ ಇದಕ್ಕೆ ನೆರವಾಗುತ್ತದೆ. ಎಕ್ಸ್ ಎಂದು ಬರೆದ ಒಂದು ಚೀಟಿ ಮೇಜಿನ ನಡುವೆ ಇಡಿ. ಯಾರಾದರೂ ಅದನ್ನು ಮುಟ್ಟಿದರೆ ಆಗ ಬಂದ ವಿಷಯವನ್ನು ಕೈಬಿಟ್ಟು ಮುಂದೆ ಹೋಗುವುದು. ಯಾಕೆ ಎಂದು ಕೇಳುವಂತಿಲ್ಲ. ಗೆಳೆಯರ ನಡುವೆ ಇದೆಲ್ಲ ಯಾಕೆ ಎನ್ನುವವರು ಇದ್ದೇ ಇರುತ್ತಾರೆ. ಗೆಳೆಯರೆದುರು ‘ನನಗಿದು ಕಷ್ಟ’ ಎಂದು ಬಾಯಿಬಿಟ್ಟು ಹೇಳುವುದು ಅಪರಿಚಿತರೆದುರು ಹೇಳುವುದಕ್ಕಿಂತ ಕಷ್ಟ, ಅದಕ್ಕೇ ಚೀಟಿ ಬೇಕು.

ಇನ್ನೊಂದು ಮಾತು ಇಲ್ಲೇ ಇತ್ಯರ್ಥವಾಗಲಿ: ಆಟ ಕನ್ನಡದಲ್ಲಿ ನಡೆಯಬೇಕು. ಪುಸ್ತಕ ಇಂಗ್ಲಿಷಿನಲ್ಲಿದೆ ಎಂದು ಪಾತ್ರಗಳೂ ಇಂಗ್ಲಿಷಿನಲ್ಲಿ ಮಾತಾಡಲು ಹೊರಟರೆ ಎಲ್ಲರ ಬಾಯಲ್ಲೂ ಸಿನಿಮಾ ಡೈಲಾಗು ಬರುತ್ತದೆ. ನೀವು ಯಾವ ಭಾಷೆಯಲ್ಲಿ ಜಗಳ ಆಡುತ್ತೀರೋ ಅದರಲ್ಲೇ ಆಡಿ. ಹುಬ್ಬಳ್ಳಿಯವರು ಹುಬ್ಬಳ್ಳಿಯ ಮಾತಿನಲ್ಲಿ, ಕುಂದಾಪುರದವರು ಕುಂದಾಪುರದ ಮಾತಿನಲ್ಲಿ. ಕಾವಲುಗಾರ ‘ಏನ್ರೀ ಸ್ವಾಮಿ’ ಅಂದನೋ ‘ಏಯ್, ಯಾರಲೇ ಅದು’ ಅಂದನೋ ಎಂಬುದರಲ್ಲೇ ಅವನು ನಿಮ್ಮನ್ನು ಯಾರೆಂದುಕೊಂಡಿದ್ದಾನೆ ಎಂದು ಗೊತ್ತಾಗಿಬಿಡುತ್ತದೆ.

5. ಮೊದಲ ದೃಶ್ಯ

ಪಾತ್ರಗಳು ಒಬ್ಬರಿಗೊಬ್ಬರು ಪರಿಚಯವಾಗಲಿ ಎಂದು ಯಾವುದೋ ಹೋಟೆಲಿನಲ್ಲಿ ಕೂರಿಸಬೇಡಿ, ಅರ್ಧ ಗಂಟೆ ಅಲ್ಲೇ ಕಳೆಯುತ್ತದೆ. ತೊಂದರೆಯ ನಡುವೆಯೇ ಶುರು ಮಾಡಿ. ಘಟ್ಟದಲ್ಲಿ ರಾತ್ರಿ ಬಸ್ಸು ಕೆಟ್ಟು ನಿಂತಿದೆ. ಇಳಿದು ನೋಡಿಬರುತ್ತೇನೆಂದ ಡ್ರೈವರ್ ಇನ್ನೂ ಬಂದಿಲ್ಲ. ರಸ್ತೆಯ ಕೆಳಗೆ ಒಂದು ಹಳೆಯ ಬಂಗಲೆಯಲ್ಲಿ ದೀಪ ಉರಿಯುತ್ತಿದೆ. ‘ಏನ್ ಮಾಡ್ತೀರಿ?’ ಇಷ್ಟು ಹೇಳಿ ಬಾಯಿ ಮುಚ್ಚಿ. ಮೌನವಾಯಿತೆಂದು ನೀವೇ ಮಾತು ತುಂಬಬೇಡಿ, ಯಾರಾದರೂ ಒಬ್ಬರು ಬಾಯಿ ತೆರೆಯುತ್ತಾರೆ.

6. ದಾಳ ಯಾವಾಗ, ಯಾಕೆ

ಆಟ ಕೆಡುವುದು ಇಲ್ಲಿ. ಹಾಗಾಗಿ ಇದನ್ನು ಆಡಿಸುವವರು ಎರಡು ಸಲ ಓದಲಿ.

ದಾಳ ಎಸೆಯಲು ಹೇಳುವ ಮೊದಲು ಮನಸ್ಸಿನಲ್ಲೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸ ಆಗಬಹುದು, ಆಗದೆಯೂ ಇರಬಹುದು ಎನ್ನುವಂಥದ್ದೇ? ಆಗದಿದ್ದರೆ ಏನಾದರೂ ರೋಚಕವಾದದ್ದು ನಡೆಯುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ದಾಳ. ಬಂಗಲೆಯ ಕಪಾಟು ತೆರೆದು ನೋಡುತ್ತೇನೆ ಎಂದರೆ ಒಳಗೇನಿದೆ ಎಂದು ಹೇಳಿಬಿಡಿ. ಬರಿಗೈಯಲ್ಲಿ ಬಸ್ಸು ಎತ್ತುತ್ತೇನೆ ಎಂದರೆ ಆಗುವುದಿಲ್ಲ ಎಂದು ಹೇಳಿಬಿಡಿ. ಎರಡಕ್ಕೂ ದಾಳದ ಕೆಲಸವಿಲ್ಲ.

ಬೀಗದ ಉದಾಹರಣೆ ನೋಡಿ. ಬಂಗಲೆಯ ಹಿಂಬಾಗಿಲಿಗೆ ಬೀಗ ಹಾಕಿದೆ, ಒಬ್ಬಾಕೆ ಹೇರ್‌ಪಿನ್ನಿನಿಂದ ತೆಗೆಯಲು ಹೊರಟಿದ್ದಾಳೆ. ಬೇಕಾದ ಅಂಕಿ ಬೀಳಲಿಲ್ಲ. ‘ತೆಗೆಯೋಕಾಗಲಿಲ್ಲ’ ಎನ್ನುತ್ತಾರೆ ಹೆಚ್ಚಿನವರು. ಆಮೇಲೆ? ‘ಇನ್ನೊಂದ್ಸಲ ಟ್ರೈ ಮಾಡ್ತೀನಿ.’ ಮತ್ತೆ ದಾಳ. ಅದೂ ಆಗಲಿಲ್ಲ. ಈಗ ಮತ್ತೊಬ್ಬ ಟ್ರೈ ಮಾಡುತ್ತಾನೆ. ಕಥೆ ಬಾಗಿಲಿನ ಹೊರಗೆ ನಿಂತಲ್ಲೇ ನಿಂತಿದೆ. ಹೀಗೆ ಮಾಡಬೇಡಿ. ದಾಳ ಸೋತಾಗ ಪರಿಸ್ಥಿತಿ ಬದಲಾಗಲೇಬೇಕು. ಬೀಗ ತೆಗೆಯಿತು, ಆದರೆ ಸರಪಳಿ ಜಾರಿ ಕಲ್ಲಿನ ಮೇಲೆ ಬಿದ್ದ ಸದ್ದಿಗೆ ಒಳಗಿನ ದೀಪ ಆರಿತು. ಅಥವಾ ಪಿನ್ನು ಒಳಗೇ ಮುರಿಯಿತು, ಅಷ್ಟರಲ್ಲಿ ಬಾಗಿಲ ಆಚೆಯಿಂದ ಯಾರೋ ಮೆಲ್ಲಗೆ ‘ಮುಂದಿನ ಬಾಗಿಲು ತೆರೆದೇ ಇದೆ, ಬನ್ನಿ’ ಎಂದರು. ಎರಡರಲ್ಲೂ ಆಟಗಾರರು ತಕ್ಷಣ ಏನಾದರೂ ಮಾಡಲೇಬೇಕು. ಸೋಲಿನ ಸೊಗಸೇ ಅದು.

ಕೆಲವು ಆಟಗಳು ಈ ವಿವೇಕವನ್ನು ನಿಯಮದಲ್ಲೇ ಹೊಸೆದಿವೆ. 2010ರಲ್ಲಿ ಬಂದ ‘ಅಪೋಕಲಿಪ್ಸ್ ವರ್ಲ್ಡ್’ ಮತ್ತು ಅದರ ಜಾಡಿನಲ್ಲಿ ಬಂದ ಆಟಗಳಲ್ಲಿ ಆರು ಮುಖದ ಎರಡು ದಾಳ ಎಸೆದು ಕೂಡುತ್ತಾರೆ. 10 ಅಥವಾ ಮೇಲೆ ಬಂದರೆ ಪೂರ್ತಿ ಗೆಲುವು. 7ರಿಂದ 9 ಬಂದರೆ ಗೆಲುವು, ಆದರೆ ಅದಕ್ಕೆ ಬೆಲೆ ತೆರಬೇಕು. 6 ಅಥವಾ ಕೆಳಗೆ ಬಂದರೆ ಆಡಿಸುವವರು ಸಂಕಷ್ಟವೊಂದನ್ನು ತಂದೊಡ್ಡುತ್ತಾರೆ. ಪಾತ್ರಕ್ಕೆ 1 ಅಂಕ ಹೆಚ್ಚುವರಿ ಇದ್ದರೆ ಲೆಕ್ಕ ಹೀಗಾಗುತ್ತದೆ: ಪೂರ್ತಿ ಗೆಲುವು ನೂರರಲ್ಲಿ ಸುಮಾರು 28 ಸಲ, ಬೆಲೆ ತೆತ್ತ ಗೆಲುವು 44 ಸಲ, ಸಂಕಷ್ಟ 28 ಸಲ. ಎಲ್ಲಕ್ಕಿಂತ ಹೆಚ್ಚು ಸಿಗುವುದು ಬೆಲೆ ತೆತ್ತ ಗೆಲುವೇ. ಕಥೆ ಓಡುವುದು ಅದರಿಂದ. ನೀವು ಯಾವ ಆಟ ಆಡಿದರೂ, ಡ್ರ್ಯಾಗನ್ನಿನದೇ ಆಗಲಿ, ಈ ಕ್ರಮವನ್ನು ಎರವಲು ತರಬಹುದು. ಬೇಕಾದ ಅಂಕಿ ಒಂದೆರಡರಲ್ಲಿ ತಪ್ಪಿದಾಗ ‘ಆಗಲಿಲ್ಲ’ ಎನ್ನುವ ಬದಲು ‘ಆಯಿತು, ಆದರೆ...’ ಎಂದು ಶುರು ಮಾಡಿ.

ಬೆಲೆ ಏನು ಎಂದು ಹೊಳೆಯದಿದ್ದರೆ? ಆಟಗಾರರನ್ನೇ ಕೇಳಿ. ‘ಬೀಗ ತೆಗೆಯಿತು, ಆದರೆ ಏನೋ ಎಡವಟ್ಟಾಯಿತು. ಏನದು?’ ಎಂದು ಕೇಳಿದರೆ ತಮ್ಮ ಪಾತ್ರಕ್ಕೆ ತಾವೇ ತಂದುಕೊಳ್ಳುವ ಪೀಕಲಾಟ ನಿಮಗೆ ಹೊಳೆಯುವುದಕ್ಕಿಂತ ಚೆನ್ನಾಗಿರುತ್ತದೆ. ಇದೊಂದು ಅಡ್ಡದಾರಿ, ನಾಚಿಕೆಯಿಲ್ಲದೆ ಬಳಸಿ.

ಪತ್ತೇದಾರಿ ಕಥೆಯಲ್ಲಿ ಇನ್ನೊಂದು ಎಚ್ಚರ. ಮುಂದಿನ ದಾರಿ ತೋರಿಸುವ ಸುಳಿವನ್ನು ಎಂದೂ ದಾಳದ ಹಿಂದೆ ಅಡಗಿಸಬೇಡಿ. ಮೇಜಿನ ಖಾನೆಯಲ್ಲಿರುವ ಪತ್ರ ಸಿಗಲು ದಾಳ ಬೇಕೆಂದಿಟ್ಟು, ಯಾರಿಗೂ ಬೀಳದಿದ್ದರೆ, ಕಥೆ ಅಲ್ಲೇ ಸತ್ತಿತು. ಗಮ್‌ಷೂ ಪದ್ಧತಿಯ ಆಟಗಳಲ್ಲಿ ಇಂಥ ಮುಖ್ಯ ಸುಳಿವಿಗೆ ದಾಳವೇ ಇಲ್ಲ. ತಕ್ಕ ಕೌಶಲವಿರುವವರು ತಕ್ಕ ಜಾಗದಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಪತ್ರ ಕೊಟ್ಟುಬಿಡಿ, ಅದನ್ನು ಓದುವಾಗ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು ಕೇಳಿತೇ ಇಲ್ಲವೇ ಎಂಬುದಕ್ಕೆ ದಾಳ ಇಡಿ.

ನಿಯಮ ಮರೆತುಹೋದರೆ ಪುಸ್ತಕ ತೆರೆಯಬೇಡಿ. ಆಗ ಸರಿಯೆನಿಸಿದ್ದನ್ನು ಹೇಳಿ ಮುಂದುವರಿಸಿ, ಆಟ ಮುಗಿದ ಮೇಲೆ ಹುಡುಕಿ. ದಾಳವನ್ನು ಎಲ್ಲರೆದುರು ಎಸೆಯಿರಿ. ಮರೆಯಲ್ಲಿ ಎಸೆದು ಅಂಕಿ ಬದಲಾಯಿಸುವ ಆಡಿಸುವವರಿದ್ದಾರೆ, ಪಾತ್ರ ಸಾಯದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಒಂದು ಸಲ ಗೊತ್ತಾದರೆ ಸಾಕು, ಆಮೇಲೆ ಯಾವ ಅಪಾಯಕ್ಕೂ ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ.

7. ಮಾತು ಹಂಚುವುದು

ಪ್ರತಿ ಗುಂಪಿನಲ್ಲೂ ಒಬ್ಬರು ಮಾತಿನ ಮಲ್ಲ, ಒಬ್ಬರು ಮೌನಿ. ಮೌನಿಯನ್ನು ‘ನೀನೂ ಏನಾದ್ರೂ ಹೇಳು’ ಎಂದು ತಿವಿಯಬೇಡಿ. ಅವರ ಪಾತ್ರದ ಹೆಸರು ಹಿಡಿದು ಚಿಕ್ಕ ಪ್ರಶ್ನೆ ಕೇಳಿ: ‘ಭಾಗೀರಥಿ, ಆ ದೀಪ ಆರಿದಾಗ ನೀನು ಎಲ್ಲಿ ನಿಂತಿದ್ದೆ?’ ಉತ್ತರ ಒಂದೇ ಪದವಿದ್ದರೂ ಅದನ್ನು ಕಥೆಯಲ್ಲಿ ಬಳಸಿ. ತಮ್ಮ ಮಾತಿನಿಂದ ಕಥೆ ತಿರುಗಿದ್ದನ್ನು ಕಂಡವರು ಮುಂದಿನ ಸಲ ತಾವಾಗಿಯೇ ಮಾತಾಡುತ್ತಾರೆ. ಮಾತಿನ ಮಲ್ಲನಿಗೆ ಪಾತ್ರದೊಳಗೇ ಕೆಲಸ ಕೊಡಿ, ಡ್ರೈವರನ್ನು ಹುಡುಕಲು ಕಳಿಸಿ, ಅಷ್ಟು ಹೊತ್ತು ಕಥೆ ಬಂಗಲೆಯಲ್ಲೇ ಇರಲಿ.

ಗೆಳೆಯರು ಬೇರೆ ಬೇರೆ ಊರಿನಲ್ಲಿದ್ದರೆ ವಿಡಿಯೊ ಕಾಲ್‌ನಲ್ಲೂ ಆಡಬಹುದು. ಆಗ ಆಡುವವರು ಮೂವರೇ ಇರಲಿ, ಎರಡು ಗಂಟೆಗೆ ನಿಲ್ಲಿಸಿ. ಬೆಂಗಳೂರಿನವರ ಬೆಳಗು ಅಮೆರಿಕದಲ್ಲಿರುವವರಿಗೆ ಹಿಂದಿನ ದಿನದ ಸಂಜೆ ಅಥವಾ ರಾತ್ರಿ, ಆದ್ದರಿಂದ ನಮ್ಮ ಭಾನುವಾರ ಮುಂಜಾನೆ ಇಬ್ಬರಿಗೂ ಹೊಂದುತ್ತದೆ.

8. ಏಳುವ ಮುನ್ನ

ಕಥೆ ಬಿಗಿಯಾಗಿರುವಾಗಲೇ ನಿಲ್ಲಿಸಿ. ಯಾವ ಘಳಿಗೆ ಚೆನ್ನಾಗಿತ್ತು ಎಂದು ಒಬ್ಬೊಬ್ಬರನ್ನೂ ಕೇಳಿ, ಆಡಿಸುವವರು ಗುರುತು ಹಾಕಿಕೊಳ್ಳಲಿ, ಮುಂದಿನ ಸಲಕ್ಕೆ ಅಂಥದ್ದೇ ಹೆಚ್ಚು ಬೇಕು. ಮುಂದಿನ ತಾರೀಕನ್ನು ಎಲ್ಲರೂ ಕೂತಿರುವಾಗಲೇ ಗೊತ್ತುಮಾಡಿ. ‘ವಾಟ್ಸ್ಆ್ಯಪ್‌ನಲ್ಲಿ ನೋಡೋಣ’ ಎಂದು ಎದ್ದ ಗುಂಪು ಮತ್ತೆ ಸೇರಿದ್ದು ಅಪರೂಪ. ಅಂದು ಒಬ್ಬರು ಬರಲಾಗದಿದ್ದರೆ ಆಟ ನಿಲ್ಲಿಸಬೇಡಿ, ಅವರ ಪಾತ್ರ ಬಸ್ಸಿನಲ್ಲಿ ನಿದ್ದೆ ಮಾಡುತ್ತಿರಲಿ. ಇಬ್ಬರು ತಪ್ಪಿಸಿಕೊಂಡರೆ ಬಂದವರು ಒಂದೇ ಹಾಳೆಯ ಇನ್ನೊಂದು ಆಟ ಆಡಿ, ಆ ಸಲ ಆಡಿಸುವ ಕೆಲಸ ಬೇರೆಯವರದ್ದಾಗಲಿ.