ಪಾರ್ಕ್ ಎದುರಿನ ಸೈಟಿಗೆ ಎಷ್ಟು ಜಾಸ್ತಿ ಕೊಡಬಹುದು? ಲೆಕ್ಕ ಹೀಗೆ ಹಾಕಿ

ತಮಿಳುನಾಡಿನ ಹೊಸೂರಿನ ಬಾಗಲೂರು ರಸ್ತೆ, ಮತ್ತಿಗಿರಿ ಕಡೆ ಸೈಟು ನೋಡಲು ಹೋದವರಿಗೆ ಬ್ರೋಕರ್ ಹೇಳುವ ಮಾತು ಗೊತ್ತೇ ಇದೆ. "ಪಾರ್ಕ್ ಫೇಸಿಂಗ್ ಸಾರ್, ಅದಕ್ಕೇ ರೇಟು ಸ್ವಲ್ಪ ಜಾಸ್ತಿ." ಆ ಸ್ವಲ್ಪ ಅಂದರೆ ಎಷ್ಟು, ಯಾಕೆ ಅಂತ ಕೇಳದೆ ಅಡ್ವಾನ್ಸ್ ಕೊಟ್ಟು ಬಂದವರನ್ನು ತುಂಬಾ ನೋಡಿದ್ದೇನೆ. ಕೂತು ಲೆಕ್ಕ ಹಾಕಿದರೆ ಅದರಲ್ಲಿ ಅರ್ಧ ದುಡ್ಡು ಪಾರ್ಕಿಗಲ್ಲ, ರಸ್ತೆಯ ಅಗಲಕ್ಕೆ ಹೋಗಿರುತ್ತದೆ.

ಹಸಿರಿಗೆ ಬೆಲೆ ಇರುವುದು ನಿಜ. ಫಿನ್ಲೆಂಡಿನ ಸಾಲೊ ಎಂಬ ಊರಿನ ಬಗ್ಗೆ 2000ದಲ್ಲಿ ಬಂದ ಅಧ್ಯಯನದ ಪ್ರಕಾರ, ಕಾಡಿನಿಂದ ಒಂದು ಕಿ.ಮೀ. ದೂರವಾದರೆ ಮನೆಯ ಬೆಲೆ ಶೇ 5.9ರಷ್ಟು ಇಳಿಯುತ್ತದೆ, ಮನೆಯಿಂದ ಕಾಡು ಕಂಡರೆ ಶೇ 4.9ರಷ್ಟು ಏರುತ್ತದೆ. ಅಮೆರಿಕದ ಪ್ರಾಧ್ಯಾಪಕ ಜಾನ್ ಕ್ರಾಂಪ್ಟನ್ 2001ರಲ್ಲಿ ಇಂಥ ಸುಮಾರು 30 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 25ರಲ್ಲಿ ಪಾರ್ಕಿನಿಂದ ಬೆಲೆ ಏರಿತ್ತು. ಆದರೆ ಅದು ಅವರ ಊರಿನ ಲೆಕ್ಕ. ನೀವು ಕೊಳ್ಳುವ ಸೈಟಿನ ಲೆಕ್ಕ ನೀವೇ ಹಾಕಬೇಕು.

ಮೊದಲ ಕೆಲಸ, ಪಾರ್ಕು ಕಾಗದದಲ್ಲಿ ಇದೆಯಾ ನೋಡುವುದು. ತಮಿಳುನಾಡಿನಲ್ಲಿ 10,000 ಚದರ ಮೀಟರ್, ಅಂದರೆ ಸುಮಾರು ಎರಡೂವರೆ ಎಕರೆ ದಾಟಿದ ಲೇಔಟ್ ಆದರೆ ರಸ್ತೆ ಬಿಟ್ಟು ಉಳಿದ ಜಾಗದಲ್ಲಿ ಶೇ 10ರಷ್ಟನ್ನು ಓಎಸ್ಆರ್ (ಓಪನ್ ಸ್ಪೇಸ್ ರಿಸರ್ವೇಶನ್, ಅಂದರೆ ಎಲ್ಲರಿಗೂ ಬಿಡುವ ತೆರೆದ ಜಾಗ) ಅಂತ ತೆಗೆದಿಟ್ಟು, ರಿಜಿಸ್ಟರ್ ಮಾಡಿದ ಗಿಫ್ಟ್ ಡೀಡ್ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. 3,000ದಿಂದ 10,000 ಚದರ ಮೀಟರ್ ಒಳಗಿನದಾದರೆ ಜಾಗದ ಬದಲು ದುಡ್ಡು ಕಟ್ಟಿಬಿಡಬಹುದು. ಹಾಗಾಗಿ ಚಿಕ್ಕ ಲೇಔಟಿನಲ್ಲಿ ಪಾರ್ಕು ಅಂತ ತೋರಿಸುವ ಜಾಗ ಬಿಲ್ಡರನ ಹೆಸರಿನಲ್ಲೇ ಇರಬಹುದು, ನಾಳೆ ಅದೂ ಸೈಟಾಗಬಹುದು. ಡಿಟಿಸಿಪಿ, ಅಂದರೆ ಸರ್ಕಾರದ ನಗರ ಯೋಜನೆ ಇಲಾಖೆಯಿಂದ ಅಪ್ರೂವ್ ಆದ ನಕ್ಷೆ ಕೇಳಿ, ಗಿಫ್ಟ್ ಡೀಡಿನ ಕಾಪಿ ಕೇಳಿ. ತಮಿಳು ಓದಲು ಬರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಬ್ರೋಕರ್ ಓದಿ ಹೇಳಿದ್ದನ್ನು ನಂಬಬೇಡಿ. ಬಣ್ಣದ ಬ್ರೋಷರ್ ಲೆಕ್ಕಕ್ಕಿಲ್ಲ. ಗಿಫ್ಟ್ ಡೀಡ್ ತೋರಿಸದಿದ್ದರೆ ಪಾರ್ಕಿನ ಹೆಸರಲ್ಲಿ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಎರಡನೆಯದು ಹೋಲಿಕೆ. ಎಲ್ಲರೂ ಎಡವುವುದು ಇಲ್ಲೇ. ಪಾರ್ಕ್ ಎದುರಿನ ಸೈಟಿನ ರೇಟನ್ನು ಬೇರೆ ಯಾವುದೋ ಲೇಔಟಿನ, ಬೇರೆ ರಸ್ತೆಯ ಸೈಟಿನ ಜೊತೆ ಇಟ್ಟು ನೋಡುತ್ತಾರೆ. ಹಾಗೆ ಮಾಡಿದರೆ ನೀರು, ಬಸ್ಸು, ಹೆದ್ದಾರಿಯ ದೂರ ಎಲ್ಲ ಸೇರಿ ಕಲಸಿಹೋಗುತ್ತದೆ. ಅದೇ ಲೇಔಟಿನೊಳಗೆ, ಅದೇ ಅಳತೆಯ, ಅದೇ ದಿಕ್ಕಿನ ಸೈಟುಗಳನ್ನೇ ಹುಡುಕಿ. ಪೂರ್ವಕ್ಕೆ ಮುಖ ಇರುವುದಕ್ಕೆ ಪೂರ್ವದ್ದೇ ಆಗಬೇಕು, ಮೂಲೆ ಸೈಟಿಗೆ ಮೂಲೆಯದ್ದೇ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಪಾರ್ಕ್ ಎದುರಿನ 30x40 ಸೈಟು ಚದರಡಿಗೆ 3,000 ರೂಪಾಯಿ, ಒಳಗಿನ ಸೈಟು 2,600. ವ್ಯತ್ಯಾಸ 400, ಒಟ್ಟು 4.8 ಲಕ್ಷ. ಅಷ್ಟೂ ಪಾರ್ಕಿನದೇ ಅಂತ ಬ್ರೋಕರ್ ಹೇಳುತ್ತಾನೆ. ಆದರೆ ಪಾರ್ಕಿನ ಮುಂದೆ 40 ಅಡಿ ರಸ್ತೆ, ಒಳಗಡೆ 30 ಅಡಿ. ಈಗ ಅದೇ 40 ಅಡಿ ರಸ್ತೆಯಲ್ಲಿ, ಪಾರ್ಕಿನಿಂದ ದೂರ ಇರುವ ಇನ್ನೊಂದು ಸೈಟು ಹುಡುಕಿ. ಅದರ ರೇಟು 2,800 ಇದ್ದರೆ, 200 ರೂಪಾಯಿ ರಸ್ತೆಯದು, ಉಳಿದ 200 ಮಾತ್ರ ಪಾರ್ಕಿನದು. ಅಂದರೆ ಸುಮಾರು ಶೇ 7, ಒಟ್ಟು 2.4 ಲಕ್ಷ. ಮೂಲೆ ಸೈಟಾದರೆ ಮೂಲೆಯ ಬೆಲೆಯನ್ನೂ ಹೀಗೇ ಬಿಡಿಸಬೇಕು. ಒಂದು ಸಲಕ್ಕೆ ಒಂದೇ ಸಂಗತಿ ಬದಲಾಗಿರುವ ಎರಡು ಸೈಟು, ಅಷ್ಟೇ ಸೂತ್ರ. ಅರ್ಥಶಾಸ್ತ್ರದವರು ನೂರಾರು ಮನೆಗಳ ಬೆಲೆ ಇಟ್ಟುಕೊಂಡು ಮಾಡುವುದೂ ಹೆಚ್ಚುಕಡಿಮೆ ಇದನ್ನೇ, 1974ರಲ್ಲಿ ಶೆರ್ವಿನ್ ರೋಸೆನ್ ಅದಕ್ಕೊಂದು ಗಟ್ಟಿ ಸಿದ್ಧಾಂತ ಕೊಟ್ಟರು.

ಹೋಲಿಕೆಗೆ ಮಾರಾಟವಾದ ರೇಟು ಬೇಕು, ಕೇಳುವ ರೇಟಲ್ಲ. ಆನ್‌ಲೈನ್ ಜಾಹೀರಾತಿನ ರೇಟು ನೋಡಿ ಸುಮ್ನೆ ಲೆಕ್ಕ ಹಾಕಬೇಡಿ. ಸರ್ಕಾರದ ಗೈಡ್‌ಲೈನ್ ವ್ಯಾಲ್ಯೂ ನೋಡುವುದು ಸುಲಭದ ದಾರಿ, ಆದರೆ ಅದು ಸ್ಟಾಂಪ್ ಡ್ಯೂಟಿಗೆ ಇಟ್ಟ ಬೆಲೆ. ಇಸಿಯಲ್ಲಿ (ಸೈಟಿನ ಹಳೆಯ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ಕಾಣುವ ಮೊತ್ತವೂ ಎಷ್ಟೋ ಸಲ ಅದಕ್ಕೆ ಹೊಂದಿಸಿ ಬರೆಸಿದ್ದು. ಆ ಲೇಔಟಿನಲ್ಲಿ ಈಗಾಗಲೇ ಮನೆ ಕಟ್ಟಿಕೊಂಡವರ ಬಾಗಿಲು ತಟ್ಟಿ, "ಅಣ್ಣಾ, ನೀವು ಎಷ್ಟಕ್ಕೆ ತಗೊಂಡ್ರಿ?" ಅಂತ ಕೇಳುವುದೇ ಒಳ್ಳೆಯದು. ಹೆಚ್ಚಿನವರು ಹೇಳುತ್ತಾರೆ.

ಮೂರನೆಯದು, ಸಂಜೆ ಹೊತ್ತು ಒಮ್ಮೆ, ಭಾನುವಾರ ಒಮ್ಮೆ ಹೋಗಿ ನಿಂತು ನೋಡಿ. ಗದ್ದಲದ ಆಟದ ಮೈದಾನಕ್ಕೆ ಅಂಟಿಕೊಂಡ ಸೈಟಿಗಿಂತ ಎರಡು ಸಾಲು ಒಳಗಿನದು ವಾಸಿ. ಬೀದಿದೀಪ ಇಲ್ಲದ, ಕುಡುಕರು ಕೂರುವ ಪಾರ್ಕಿನಿಂದ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲೂ ದರೋಡೆ, ಅತ್ಯಾಚಾರ ಜಾಸ್ತಿ ಇರುವ ಕಡೆ ಪಾರ್ಕಿನ ಹತ್ತಿರದ ಮನೆಗಳಿಗೆ ಬೆಲೆ ಕಮ್ಮಿ ಅಂತ 2008ರ ಅಧ್ಯಯನ ತೋರಿಸಿದೆ. ಇನ್ನು ನೀರು ಕಾಣುತ್ತದೆ ಅಂತ ಮಾರುವ ಸೈಟುಗಳು. ಕೆಲವರಪಳ್ಳಿ ಅಣೆಕಟ್ಟಿನ ಕಡೆ ಅಂಥದ್ದು ನೋಡುವುದಾದರೆ ಮಳೆ ಬಂದ ಮೇಲೆ ಹೋಗಿ. ದಕ್ಷಿಣ ಪಿನಾಕಿನಿಯಲ್ಲಿ ಬೆಂಗಳೂರಿನ ಕೊಳಚೆ ಹರಿದು ಬಂದು ಅಲ್ಲಿ ನೊರೆ ಏಳುತ್ತದೆ, ವಾಸನೆ ಬರುತ್ತದೆ. ಆ ನೋಟಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಇಷ್ಟಾದ ಮೇಲೆ ಚೌಕಾಸಿ. ಮರ ಬೆಳೆದು ನೆರಳಾಗಿರುವ, ಯಾರೋ ನೀರು ಹಾಕಿ ನೋಡಿಕೊಳ್ಳುತ್ತಿರುವ ಪಾರ್ಕಾದರೆ ಶೇ 10ರವರೆಗೂ ಹೋಗಿ. ಬರೀ ಬೇಲಿ, ನಾಲ್ಕು ಸಸಿ, ಒಂದು ಜಾರುಬಂಡೆ ಇದ್ದರೆ ಶೇ 3 ಮೀರಬೇಡಿ, ಲಾನ್ ಹಾಸಿದ್ದು ನೋಡಿ ಮರುಳಾಗಬೇಡಿ, ಬೇಸಿಗೆಗೆ ಅದು ಉಳಿಯುವುದಿಲ್ಲ. ಕ್ರಯಪತ್ರ ಬರೆಸುವಾಗ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ಗಡಿಯ ವಿವರದಲ್ಲಿ, ಪಾರ್ಕ್ ಇರುವ ದಿಕ್ಕಿಗೆ ರಸ್ತೆ, ಅದರಾಚೆ ಓಎಸ್ಆರ್ ಪಾರ್ಕ್ ಜಾಗ ಅಂತ ಅಪ್ರೂವಲ್ ನಂಬರ್ ಸಮೇತ ಬರೆಸಿ. "ಖಾಲಿ ಜಾಗ" ಅಂತ ಬರೆದಿದ್ದರೆ ತಿದ್ದಿಸುವವರೆಗೂ ಸಹಿ ಹಾಕಬೇಡಿ.