ಬೋರ್ಡಿನಲ್ಲಿ ಕೂತವರನ್ನು ಎಣಿಸುವುದು ಹೇಗೆ?

ಹೋದ ಶ್ರಾವಣದಲ್ಲಿ ಅಕ್ಕನ ಮಗಳು ವಿಜಯಪುರದಿಂದ ಬಂದಿದ್ದಳು. ಅಲ್ಲಿ ಎಂ.ಕಾಂ. ಓದುತ್ತಾಳೆ. ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡ ವಿಷಯ, ಕಂಪನಿಗಳ ಆಡಳಿತದ ಮೇಲ್ಮಟ್ಟದಲ್ಲಿ ಹೆಣ್ಣುಮಕ್ಕಳು ಮತ್ತು ಹಿಂದುಳಿದವರು ಎಷ್ಟಿದ್ದಾರೆ ಅನ್ನೋದು. ಲ್ಯಾಪ್‌ಟಾಪ್ ತೆಗೆದು ಮೊದಲ ಸಾಲು ಓದಿದಳು: "ಮಹಿಳೆಯರು ಹೆಚ್ಚಿರುವ ಕಂಪನಿಗಳಿಗೆ ಶೇ 39ರಷ್ಟು ಹೆಚ್ಚು ಲಾಭ ಬರುತ್ತದೆ."

"ಎಲ್ಲಿಂದ ತಂದಿ ಇದನ್ನ?"

"ಎಲ್ಲಾ ಕಡೆ ಹಂಗ ಐತಿ ಚಿಗವ್ವಾ."

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಸೊಸೈಟಿಗಳ ಖಾತೆ, ಉದ್ಯಮಬಾಗದ ಫೌಂಡ್ರಿಗಳ ಖಾತೆ ನೋಡಿ ನೋಡಿ ಕನ್ನಡಕದ ನಂಬರ್ ಮೂರು ಸಲ ಬದಲಾಗಿದೆ. ಎಲ್ಲಾ ಕಡೆ ಹಾಗೇ ಇದೆ ಅನ್ನೋ ಮಾತು ಕೇಳಿದರೆ ನನಗೆ ತಕ್ಷಣ ವೋಚರ್ ಕೇಳಬೇಕು ಅನ್ನಿಸುತ್ತದೆ. ಇಂಥ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ಮಕ್ಕಳು ಜಾಸ್ತಿ ಆಗಿರುವುದರಿಂದ, ಆ ನಾಲ್ಕು ದಿನ ಅವಳಿಗೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ಆ 39ರ ವಿಚಾರ. ಅದು ಮೆಕಿನ್ಸೆ ಅನ್ನುವ ಸಲಹಾ ಕಂಪನಿಯ 2023ರ ವರದಿಯದು. ಅದರ 2015ರ ವರದಿಯಲ್ಲಿ ಇದೇ ಅಂಕಿ 15 ಇತ್ತು, 2018ರಲ್ಲಿ 21, 2020ರಲ್ಲಿ 25. ಇದು 'ಲಾಭ ಶೇ 39 ಹೆಚ್ಚು' ಅಂತ ಹೇಳುವುದೇ ಇಲ್ಲ. ಕಂಪನಿಗಳನ್ನು ಸಾಲಾಗಿ ನಿಲ್ಲಿಸಿ, ಮೇಲಿನ ಹುದ್ದೆಗಳಲ್ಲಿ ಹೆಣ್ಣುಮಕ್ಕಳು ಜಾಸ್ತಿ ಇರುವ ಕಾಲುಭಾಗವನ್ನೂ ತೀರಾ ಕಡಿಮೆ ಇರುವ ಕಾಲುಭಾಗವನ್ನೂ ಹೋಲಿಸುತ್ತಾರೆ. ಮೊದಲನೆಯವು ಲಾಭದಲ್ಲಿ ಮುಂದಿರುವ ಸಾಧ್ಯತೆ ಅಷ್ಟು ಹೆಚ್ಚು, ಅಷ್ಟೇ. ಲಾಭ ಬೇರೆ, ಸಾಧ್ಯತೆ ಬೇರೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ಅಲ್ಲಿ ಲಾಭದ ಲೆಕ್ಕ ತೆಗೆದುಕೊಂಡ ವರ್ಷಗಳು ಮೊದಲಿನವು, ಹುದ್ದೆಯಲ್ಲಿ ಯಾರಿದ್ದಾರೆ ಅಂತ ಎಣಿಸಿದ್ದು ಆಮೇಲೆ. ಇದನ್ನು ಅವಳಿಗೆ ಹೀಗೆ ಹೇಳಿದೆ: ನಮ್ಮೂರಲ್ಲಿ ಹೊಸ ಟ್ರ್ಯಾಕ್ಟರ್ ಇರುವ ಮನೆಗಳನ್ನು ಎಣಿಸು. ಅವರ ಹಿಂದಿನ ಮೂರು ವರ್ಷದ ಕಬ್ಬಿನ ಬಿಲ್ ನೋಡು. ಚೆನ್ನಾಗೇ ಬಂದಿರುತ್ತದೆ. ಹಾಗಂತ ಟ್ರ್ಯಾಕ್ಟರಿನಿಂದ ಕಬ್ಬು ಬಂತೋ, ಕಬ್ಬಿನ ದುಡ್ಡಿನಿಂದ ಟ್ರ್ಯಾಕ್ಟರ್ ಬಂತೋ? ಗ್ರೀನ್ ಮತ್ತು ಹ್ಯಾಂಡ್ ಅನ್ನುವ ಇಬ್ಬರು ಅಮೆರಿಕದ ಪ್ರಾಧ್ಯಾಪಕರು ಅಲ್ಲಿನ 500 ದೊಡ್ಡ ಕಂಪನಿಗಳ ಅಂಕಿ ಇಟ್ಟುಕೊಂಡು, ಮೇಲಿನ ಹುದ್ದೆಗಳಲ್ಲಿ ಬೇರೆ ಬೇರೆ ಜನಾಂಗದವರು ಇರುವ ಬಗ್ಗೆ ಮೆಕಿನ್ಸೆ ಮಾಡಿದ್ದ ಇದೇ ಥರದ ಲೆಕ್ಕವನ್ನು ಮತ್ತೆ ಮಾಡಿ 2024ರಲ್ಲಿ ಪ್ರಕಟಿಸಿದರು. ಮೆಕಿನ್ಸೆ ಹೇಳಿದ ನಂಟು ಅವರಿಗೆ ಸಿಗಲಿಲ್ಲ.

ಅವಳ ಮುಖ ಸಣ್ಣಗಾಯಿತು. "ಹಂಗಾರ ನನ್ನ ಪ್ರಾಜೆಕ್ಟ್ ಸುಳ್ಳು ಏನು?" ಅಲ್ಲ. ಹೆಣ್ಣುಮಕ್ಕಳು ಬೋರ್ಡಿನಲ್ಲಿ, ಅಂದರೆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ, ಇರಬೇಕು ಅನ್ನೋದಕ್ಕೆ ಲಾಭದ ಸಾಕ್ಷಿ ಯಾಕೆ ಬೇಕು? ಗಂಡಸರು ಕೂತರೆ ಎಷ್ಟು ಲಾಭ ಅಂತ ಯಾರಾದರೂ ಲೆಕ್ಕ ಕೇಳಿದ್ದಾರಾ? ಪ್ರಶ್ನೆ ಬದಲಿಸು ಅಂದೆ. 'ಎಷ್ಟು ಲಾಭ' ಬಿಡು. 'ಯಾರಿದ್ದಾರೆ, ಹೇಗೆ ಬಂದರು, ಬಂದಮೇಲೆ ಏನು ಮಾಡಿದರು' ಅಂತ ಕೇಳು. ಇದಕ್ಕೆ ಉತ್ತರ ಬೆಳಗಾವಿಯಲ್ಲಿ ಕೂತೇ ಹುಡುಕಬಹುದು.

ಶೇರು ಮಾರುಕಟ್ಟೆಯಲ್ಲಿರುವ ಕಂಪನಿಗಳಾದರೆ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ದೊಡ್ಡ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನುವ, ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನೂ ಕೊಡಲೇಬೇಕು ಅಂತ ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ ಇದೆ. ಅದರ ಮೊದಲ ಭಾಗದಲ್ಲೇ ಪುಟ್ಟ ಕೋಷ್ಟಕ ಇರುತ್ತದೆ: ನಿರ್ದೇಶಕರು ಎಷ್ಟು, ಅದರಲ್ಲಿ ಮಹಿಳೆಯರು ಎಷ್ಟು; ಮುಖ್ಯ ಅಧಿಕಾರಿಗಳು ಎಷ್ಟು, ಮಹಿಳೆಯರು ಎಷ್ಟು. ಈ ಎರಡನೆಯ ಸಾಲನ್ನು ಬಿಡಬೇಡಿ. ಬೋರ್ಡಿನಲ್ಲಿ ಇಬ್ಬರು, ಮುಖ್ಯ ಅಧಿಕಾರಿಗಳಲ್ಲಿ ಸೊನ್ನೆ, ಇಂಥದ್ದು ಕಂಡರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ.

ಆಮೇಲೆ ಅದೇ ವಾರ್ಷಿಕ ವರದಿಯ ಕಾರ್ಪೊರೇಟ್ ಆಡಳಿತದ ಅಧ್ಯಾಯಕ್ಕೆ ಹೋಗಿ. ಅಕ್ಷರ ಸಣ್ಣದು, ಯಾರೂ ಓದುವುದಿಲ್ಲ. ಆದರೆ ಸರಕು ಇರುವುದೇ ಅಲ್ಲಿ. ಯಾರು ಪ್ರವರ್ತಕರ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರ) ಕಡೆಯವರು, ಯಾರು ಅವರ ನಂಟಿಲ್ಲದ ಸ್ವತಂತ್ರ ನಿರ್ದೇಶಕರು, ಯಾರು ಎಷ್ಟು ಸಭೆಗೆ ಬಂದರು, ಇನ್ನೆಷ್ಟು ಕಂಪನಿಗಳಲ್ಲಿ ಕೂತಿದ್ದಾರೆ, ಒಬ್ಬರಿಗೊಬ್ಬರು ಏನಾಗಬೇಕು, ಎಲ್ಲವೂ ಇರುತ್ತದೆ. ಹತ್ತು ಜನರ ಬೋರ್ಡಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಅಂದರೆ ಶೇ 20. ಅವರಲ್ಲಿ ಒಬ್ಬಾಕೆ ಅಧ್ಯಕ್ಷರ ಸೊಸೆ, ಇನ್ನೊಬ್ಬಾಕೆ ಆರು ಕಂಪನಿಗಳಿಗೆ ನಿರ್ದೇಶಕಿ ಅಂದರೆ ಆ 20ಕ್ಕೆ ಬೇರೆಯೇ ಅರ್ಥ. ಸೊಸೆ ಅಂದ ಮಾತ್ರಕ್ಕೆ ಡಮ್ಮಿ ಅಂತ ನಾನು ಹೇಳುತ್ತಿಲ್ಲ. ಮಗ ಕೂತಾಗ ಯಾರೂ ಡಮ್ಮಿ ಅನ್ನುವುದಿಲ್ಲವಲ್ಲ. ಬರೀ ಸಂಖ್ಯೆ ಬರೆದು ಬಿಡಬೇಡಿ, ಪಕ್ಕದಲ್ಲಿ ದಾರಿಯನ್ನೂ ಬರೆಯಿರಿ ಅನ್ನೋದಷ್ಟೇ ನನ್ನ ಮಾತು.

ಕಾನೂನು ಗೊತ್ತಿದ್ದರೆ ಸಂಖ್ಯೆ ಯಾಕೆ ಹಾಗಿದೆ ಅಂತ ತಿಳಿಯುತ್ತದೆ. 2013ರ ಕಂಪನಿ ಕಾಯ್ದೆ ಪ್ರಕಾರ ಶೇರು ಮಾರುಕಟ್ಟೆಯಲ್ಲಿರುವ ಎಲ್ಲ ಕಂಪನಿಗಳಲ್ಲೂ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಬೇಕು. ಮಾರುಕಟ್ಟೆಯಲ್ಲಿ ಇಲ್ಲದಿದ್ದರೂ, ಪಬ್ಲಿಕ್ ಕಂಪನಿಯ ಪಾವತಿಯಾದ ಬಂಡವಾಳ 100 ಕೋಟಿ ಅಥವಾ ವಹಿವಾಟು 300 ಕೋಟಿ ಮುಟ್ಟಿದರೆ ಇದೇ ನಿಯಮ. ಮನೆಯ ಹೆಣ್ಣುಮಗಳನ್ನೇ ಕೂರಿಸುವುದು ಜಾಸ್ತಿಯಾದಾಗ ಸೆಬಿ ಇನ್ನೊಂದು ಗಂಟು ಹಾಕಿತು. 2019ರ ಏಪ್ರಿಲ್‌ನಿಂದ ದೊಡ್ಡ 500 ಕಂಪನಿಗಳಿಗೆ, 2020ರ ಏಪ್ರಿಲ್‌ನಿಂದ 1000 ಕಂಪನಿಗಳಿಗೆ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯ. ಹಾಗಾಗಿ ನಿಮ್ಮ ಕೋಷ್ಟಕದಲ್ಲಿ ಸಾಲುಸಾಲಾಗಿ '1, 1, 1' ಬಂದರೆ ಅದು ಕಾನೂನಿನ ಅಂಕಿ, ಕಂಪನಿಯ ಮನಸ್ಸಿನದಲ್ಲ.

ನಾರ್ವೆ ಇದಕ್ಕಿಂತ ಮುಂದೆ ಹೋಗಿತ್ತು. 2003ರಲ್ಲಿ ಕಾನೂನು ಮಾಡಿ, 2008ರ ಹೊತ್ತಿಗೆ ಪಬ್ಲಿಕ್ ಕಂಪನಿಗಳ ಬೋರ್ಡಿನಲ್ಲಿ ಶೇ 40 ಹೆಣ್ಣುಮಕ್ಕಳು ಇರಲೇಬೇಕು ಅಂದಿತು. ಇದರಿಂದ ಕಂಪನಿಗಳ ಬೆಲೆ ಬಿತ್ತು ಅಂತ 2012ರಲ್ಲಿ ಒಂದು ಅಧ್ಯಯನ ಹೇಳಿತು. ಅದೇ ಅಂಕಿಗಳನ್ನು ಮತ್ತೆ ನೋಡಿದವರು ಹಾಗೇನೂ ಇಲ್ಲ ಅಂದರು. ನನಗೆ ಹಿಡಿಸಿದ್ದು 2019ರಲ್ಲಿ ಮರಿಯನ್ ಬರ್ಟ್ರಾಂಡ್ ಮತ್ತು ಮೂವರು ಸೇರಿ ಮಾಡಿದ ಅಧ್ಯಯನ. ಕಾನೂನಿನ ನಂತರ ಬೋರ್ಡಿಗೆ ಬಂದ ಹೆಣ್ಣುಮಕ್ಕಳು ಮೊದಲಿದ್ದವರಿಗಿಂತ ಹೆಚ್ಚು ಓದಿದವರು, ಅನುಭವ ಇದ್ದವರು. ಆದರೆ ಅದೇ ಕಂಪನಿಗಳ ಕೆಳಗಿನ ಹುದ್ದೆಗಳಲ್ಲಿದ್ದ ಹೆಣ್ಣುಮಕ್ಕಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇನ್ನು ಎರಡನೆಯ ಭಾಗ. ವಿದೇಶಿ ವರದಿಗಳಲ್ಲಿ ಲಿಂಗದ ಜೊತೆಗೆ ಜನಾಂಗ ಅಂತ ಇರುತ್ತದೆ. ಕರಿಯರು, ಬಿಳಿಯರು, ಏಷ್ಯಾದವರು ಅಂತ ಅಲ್ಲಿನ ಕಾಲಂಗಳು. ಇಲ್ಲಿ ಆ ಜಾಗಕ್ಕೆ ಏನು ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಿಆರ್‌ಎಸ್‌ಆರ್‌ನ ಆ ಕೋಷ್ಟಕದಲ್ಲಿ ಜಾತಿಯ ಕಾಲಂ ಇಲ್ಲ. ಎಣಿಸಲು ಹೋದವರು ಇದ್ದಾರೆ. ಅಜಿತ್, ಡಾಂಕರ್, ಸಕ್ಸೇನಾ ಅನ್ನುವ ಮೂವರು 1000 ಭಾರತೀಯ ಕಂಪನಿಗಳ ನಿರ್ದೇಶಕರನ್ನು ನೋಡಿ 2012ರಲ್ಲಿ ಬರೆದರು. ಶೇ 93ರಷ್ಟು ಜನ ಮುಂದುವರಿದ ಜಾತಿಯವರು. ಹಿಂದುಳಿದ ವರ್ಗದವರು ಶೇ 3.8, ಪರಿಶಿಷ್ಟ ಜಾತಿ-ಪಂಗಡದವರು ಶೇ 3.5. ಅದಕ್ಕೂ ಮೊದಲು, 2007ರಲ್ಲಿ, ಸುಖದೇವ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಒಂದೇ ಥರದ ಓದು-ಅನುಭವದ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಂಪನಿಗಳಿಗೆ ಕಳಿಸಿ ನೋಡಿದ್ದರು. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಬಾಗಿಲಲ್ಲೇ ಹೀಗಾದರೆ ಅಟ್ಟಕ್ಕೆ ಏರುವವರು ಎಷ್ಟು ಮಂದಿ?

2012ರ ಅಧ್ಯಯನದವರು ಜಾತಿ ಗುರುತಿಸಿದ್ದು ಅಡ್ಡಹೆಸರು ನೋಡಿ. ನನ್ನ ಅಕ್ಕನ ಮಗಳೂ ಹಾಗೇ ಮಾಡಲು ಹೊರಟಿದ್ದಳು. ಒಂದು ಸೊಸೈಟಿಯ ಪಟ್ಟಿ ಅವಳ ಮುಂದಿಟ್ಟೆ. ಹದಿನೈದರಲ್ಲಿ ನಾಲ್ಕು ಪಾಟೀಲರು. ಇವರು ಯಾರು ಹೇಳು? ನಮ್ಮ ಕಡೆ ಪಾಟೀಲ ಅಂದರೆ ಊರ ಗೌಡಿಕೆ. ಲಿಂಗಾಯತರಲ್ಲಿ ಪಾಟೀಲರಿದ್ದಾರೆ, ಮರಾಠರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲೂ ಇದ್ದಾರೆ. ಆ ನಾಲ್ವರಲ್ಲೇ ಮೂರು ಸಮಾಜದವರಿದ್ದರು. ಹುಕ್ಕೇರಿ, ಸವದತ್ತಿ, ಬೀಳಗಿ ಅಂತ ಊರಿನ ಹೆಸರೇ ಅಡ್ಡಹೆಸರಾದವರ ಜಾತಿ ಹೇಗೆ ಹೇಳುತ್ತೀರಿ? ಮುಂಬೈ ಕಂಪನಿಗಳಿಗೆ ಆ ಉಪಾಯ ಎಷ್ಟೋ ನಡೆದೀತು. ಬೆಳಗಾವಿಯಲ್ಲಿ ನಡೆಯುವುದಿಲ್ಲ.

ಆದರೆ ಇಲ್ಲಿ ಬೇರೆ ದಾರಿ ಇದೆ, ಅದು ಸಹಕಾರಿ ಸಂಘಗಳು. ನಮ್ಮ ಜಿಲ್ಲೆಯಲ್ಲಿ ಅವುಗಳಿಗೇನು ಬರವೇ? ಅವುಗಳ ಆಡಳಿತ ಮಂಡಳಿ ಚುನಾವಣೆಯ ಫಲಿತಾಂಶದಲ್ಲಿ ಸ್ಥಾನವಾರು ವಿವರ ಇರುತ್ತದೆ: ಸಾಮಾನ್ಯ, ಮಹಿಳೆ, ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. ಎರಡು ರಾಜ್ಯಗಳಲ್ಲಿ ವ್ಯವಹಾರ ಇರುವ ಮಲ್ಟಿಸ್ಟೇಟ್ ಸೊಸೈಟಿಗಳು ಗಡಿಭಾಗದಲ್ಲಿ ಬಹಳ. ಅವುಗಳ ಮಂಡಳಿಯಲ್ಲಿ ಹೆಚ್ಚೆಂದರೆ 21 ನಿರ್ದೇಶಕರು, ಅದರಲ್ಲಿ ಎರಡು ಸ್ಥಾನ ಮಹಿಳೆಯರಿಗೆ, ಒಂದು ಪರಿಶಿಷ್ಟರಿಗೆ. ಮೀಸಲು ಸ್ಥಾನ ತುಂಬಿದೆಯಾ ಅಂತ ಕೇಳುವುದು ಸುಲಭ, ತುಂಬಿರುತ್ತದೆ. ನೀವು ಕೇಳಬೇಕಾದ್ದು ಬೇರೆ. ಸಾಮಾನ್ಯ ಸ್ಥಾನದಿಂದ ಗೆದ್ದ ಹೆಣ್ಣುಮಗಳು ಇದ್ದಾಳಾ? ಪರಿಶಿಷ್ಟ ಸ್ಥಾನದಿಂದ ಬಂದವರು ಯಾವತ್ತಾದರೂ ಸಾಲ ಮಂಜೂರಾತಿ ಉಪಸಮಿತಿಯಲ್ಲಿ ಕೂತಿದ್ದಾರಾ? ಅಧಿಕಾರ ಇರುವುದು ಅಲ್ಲಿ.

ಸೆಪ್ಟೆಂಬರಿನಲ್ಲಿ ಸರ್ವಸಾಧಾರಣ ಸಭೆಗೆ ಹಂಚುವ ವಾರ್ಷಿಕ ವರದಿಯ ಪುಸ್ತಕ ಎರಡಾದರೂ ಸಂಪಾದಿಸಿ. ಮೊದಲ ಪುಟದ ಫೋಟೋಗಳನ್ನು ನೋಡಿ. ಮೇಲೆ ಅಧ್ಯಕ್ಷರು, ಪಟಗ ಸುತ್ತಿಕೊಂಡು, ಅಂಗೈ ಅಗಲದ ಫೋಟೋ. ಕೆಳಗೆ ಅಂಚೆ ಚೀಟಿಯಷ್ಟು ಸಣ್ಣವು. ಕೊನೆಯ ಸಾಲಿನಲ್ಲಿ ತಲೆ ಮೇಲೆ ಸೆರಗು ಹೊದ್ದ ಇಬ್ಬರು, ಕೆಳಗೆ 'ಶ್ರೀಮತಿ ಇಂಥವರು ಕೋಂ ಇಂಥವರು'. ಗಂಡಸರ ಹೆಸರಿನ ಪಕ್ಕ ಹೆಂಡತಿಯ ಹೆಸರು ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. ಆ ಪುಟದ ಝೆರಾಕ್ಸ್ ನಿಮ್ಮ ಪ್ರಾಜೆಕ್ಟಿನಲ್ಲಿ ಇರಲಿ. ಮುಖ ಮಾತ್ರ ಮರೆಮಾಡಿ.

ಠರಾವುಗಳ ಕೆಳಗೆ 'ಸೂಚಕರು', 'ಅನುಮೋದಕರು' ಅಂತ ಹೆಸರು ಇರುತ್ತದೆ. ಮಹಿಳಾ ನಿರ್ದೇಶಕರು ಎಷ್ಟು ಠರಾವು ಸೂಚಿಸಿದರು ಅಂತ ಎಣಿಸಬಹುದು. ಆದರೆ ಪೂರ್ತಿ ನಂಬಬೇಡಿ. ಯಾಕೆ ಅಂದರೆ, ಹತ್ತು ವರ್ಷದ ಹಿಂದೆ ನಾನೂ ಒಂದು ಪತ್ತಿನ ಸಂಘದಲ್ಲಿ ಮಹಿಳಾ ಸ್ಥಾನದಿಂದ ಅವಿರೋಧವಾಗಿ ಆಯ್ಕೆಯಾಗಿದ್ದೆ. ಹೆಸರು ಬೇಡ. ಮೊದಲ ಸಭೆಗೆ ಹಾರ ಹಾಕಿ ಕರೆದರು. ಆಮೇಲೆ ಸಭೆಯ ನೋಟಿಸ್ ಬರಲಿಲ್ಲ, ಸಿಪಾಯಿ ಬರತೊಡಗಿದ. ಬಗಲಲ್ಲಿ ಠರಾವು ಪುಸ್ತಕ. ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಸಣ್ಣ ಗುಣಿಸು ಚಿಹ್ನೆ. "ಅಕ್ಕಾರ, ಇಲ್ಲೊಂದು, ಇಲ್ಲೊಂದು" ಅನ್ನುತ್ತಿದ್ದ. ಒಲೆ ಮೇಲೆ ಹಾಲು ಇಟ್ಟು ಬಂದ ನಾನು ನಿಂತಲ್ಲೇ ಹಾಕಿಕೊಡುತ್ತಿದ್ದೆ. ಬೇರೆಯವರ ಪುಸ್ತಕದಲ್ಲಿ ಒಂದು ಪೈಸೆ ತಪ್ಪಿದರೂ ಹಿಡಿಯುವವಳು ನಾನು! ಮೂರು ತಿಂಗಳಾದ ಮೇಲೆ ಒಮ್ಮೆ ಹಿಂದಿನ ಪುಟ ತಿರುವಿದೆ. ಸಾಲದ ಕಂತು ಮುಂದೂಡಿದ ಠರಾವಿಗೆ ಅನುಮೋದಕರು ನಾನೇ. ತಾರೀಖು ನೋಡಿದರೆ ಅವತ್ತು ನಾನು ಬಾಗಲಕೋಟೆಯಲ್ಲಿ ಮದುವೆ ಊಟ ಮಾಡುತ್ತಿದ್ದೆ. ಅದಾದ ಮೇಲೆ ನೋಟಿಸ್ ಇಲ್ಲದೆ ಸಹಿ ಇಲ್ಲ ಅಂದೆ. ಮುಂದಿನ ಚುನಾವಣೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಹಾಗಾಗಿ ಎಣಿಸಿದ ಮೇಲೆ ಮಾತಾಡಿಸಲೇಬೇಕು. ಸಂಘದ ಕಚೇರಿಯಲ್ಲಿ ಬೇಡ, ಮ್ಯಾನೇಜರ್ ಕಿವಿ ಅಲ್ಲೇ ಇರುತ್ತದೆ. ಮನೆಗೆ ಹೋಗಿ, ಮಧ್ಯಾಹ್ನ ಮೂರರ ಮೇಲೆ. ಮೊದಲ ಮಾತು ಸಾಮಾನ್ಯವಾಗಿ "ನಮ್ಮ ಮನಿಯವ್ರನ್ನ ಕೇಳ್ರಿ" ಅಂತಲೇ ಬರುತ್ತದೆ. ಎದ್ದು ಬರಬೇಡಿ, ಚಹಾ ಕುಡಿಯಿರಿ. 'ನಿಮಗೆ ಸ್ವಾತಂತ್ರ್ಯ ಇದೆಯಾ' ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. 'ಹೋದ ಸಭೆಯಲ್ಲಿ ಯಾವ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು' ಅಂತ ಕೇಳಿ. ಸಭೆಯಲ್ಲಿ ಕೂತವರು ತಟ್ಟನೆ ಹೇಳುತ್ತಾರೆ. ಕೂರದವರು ಗೋಡೆ ನೋಡುತ್ತಾರೆ. ಜಾತಿಯನ್ನು ಅವರಾಗಿ ಹೇಳಿದರೆ ಮಾತ್ರ ಬರೆದುಕೊಳ್ಳಿ, ಇಲ್ಲದಿದ್ದರೆ ಕಾಲಂ ಖಾಲಿ ಇರಲಿ. ಖಾಲಿ ಕಾಲಂಗೆ ಗೈಡ್ ಸಾಹೇಬರು ಬೈದರೆ ಪಾಟೀಲರ ಕಥೆ ಹೇಳಿ. ವರದಿಯಲ್ಲಿ ಹೆಸರಿನ ಬದಲು ಅ, ಆ, ಇ ಅಂತ ಹಾಕಿ.

ಬರೆಯುವಾಗ 'ಇದರಿಂದ ಹೀಗಾಯಿತು' ಅನ್ನೋ ವಾಕ್ಯವನ್ನು ಬೈಲಹೊಂಗಲದ ಮೂರು ಸೊಸೈಟಿ ನೋಡಿ ಬರೆಯಬೇಡಿ. 'ನಾನು ನೋಡಿದ ಮೂರರಲ್ಲಿ ಹೀಗಿತ್ತು' ಸಾಕು.

ಅಕ್ಕನ ಮಗಳು ಕೊನೆಗೆ ಮಾತಾಡಿಸಿದ್ದು ಏಳು ನಿರ್ದೇಶಕಿಯರನ್ನು. ಐವರು ಗೋಡೆ ನೋಡಿದರು. ಆರನೆಯವರು ಗಂಡನಿಗೆ ಫೋನ್ ಮಾಡಿದರು. ಏಳನೆಯವರು ಫೋಟೋದಲ್ಲಿ ಕೊನೆಯ ಸಾಲಿನವರು, ಸೆರಗು ಹಣೆಯವರೆಗೂ ಇತ್ತು, ಏಳನೇ ಇಯತ್ತೆ ಓದಿದವರು. ಹೋದ ಸಭೆಯ ಪ್ರಶ್ನೆಗೆ ನಲವತ್ತು ನಿಮಿಷ ಮಾತಾಡಿದರಂತೆ. ಬಂಗಾರ ಒತ್ತೆ ಸಾಲದಲ್ಲಿ ಒಡವೆ ತೂಗುವಾಗ ಕಲ್ಲಿನ ತೂಕ ಎಷ್ಟು ಕಳೆಯುತ್ತಾರೆ ಅಂತ ಸಾಲ ತಗೊಳ್ಳುವ ಹೆಣ್ಣುಮಕ್ಕಳಿಗೆ ಕಾಣುತ್ತಿರಲಿಲ್ಲ. ತಕ್ಕಡಿಯನ್ನು ಕೌಂಟರಿನ ಈಚೆ ಇಡಬೇಕು ಅಂತ ಇವರು ಮೂರು ಸಭೆಯಲ್ಲಿ ಜಗಳ ಮಾಡಿದ್ದರು. ಈಗ ಈಚೆಯೇ ಇದೆ. ಠರಾವು ಪುಸ್ತಕದಲ್ಲಿ ಸೂಚಕರು ಅಂತ ಬೇರೆಯವರ ಹೆಸರಿದೆ.

"ಇದನ್ನ ಯಾವ ಕಾಲಂಗೆ ಹಾಕ್ಲಿ ಚಿಗವ್ವಾ?" ಅಂತ ರಾತ್ರಿ ಫೋನ್ ಮಾಡಿದಳು. ಕೋಷ್ಟಕ ಅಲ್ಲಿಗೇ ಬಿಡು, ಅವರಿಗೆ ಒಂದು ಪೂರ್ತಿ ಪುಟ ಕೊಡು ಅಂದೆ.